ಸಿದ್ರಾಮ ಕಾಕಾನ ಬೆರಳು, ಏಳಿಂಚಿನ ಗಾಜು

ನನ್ನ ನಿವೃತ್ತಿಗೆ ಇನ್ನೂ ಆರು ವರ್ಷ ಇದ್ದಾಗಿನ ಮಾತು ಇದು. ಆಗ ನಾನು ಶಹಾಬಾದಿನ ಒಂದು ಸಣ್ಣ ಕಂಪನಿಯಲ್ಲಿ ಡಿಸೈನ್ ಇಂಜಿನಿಯರ್. ಕಂಪನಿ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ: ಒಂದು ತಗಡಿನ ಶೆಡ್ಡು, ಒಂಬತ್ತು ಜನ, ಎರಡು ಸೋಲ್ಡರಿಂಗ್ ಟೇಬಲ್ಲು, ಬೇಸಿಗೆ ಬಂತೆಂದರೆ ಸರಿಯಾಗಿ ಅದೇ ವಾರ ಕೆಡುವ ಒಂದು ಕೂಲರ್. ನಾವು ಮಾಡುತ್ತಿದ್ದದ್ದು ಕಂಟ್ರೋಲ್ ಪ್ಯಾನೆಲ್. ಯಂತ್ರ ಯಾವುದೇ ಇರಲಿ, ಅದನ್ನು ಚಾಲೂ ಮಾಡುವ, ನಿಲ್ಲಿಸುವ, ಜೋರು ಅಥವಾ ನಿಧಾನ ಮಾಡುವ ಪೆಟ್ಟಿಗೆ ಅದು. ಸೇಡಂನ ಬೇಳೆ ಮಿಲ್ಲುಗಳಿಗೂ ವಾಡಿ, ಚಿತ್ತಾಪುರ ಸುತ್ತಲಿನ ಕಲ್ಲು ಪಾಲಿಶ್ ಯೂನಿಟ್‌ಗಳಿಗೂ ನಮ್ಮಲ್ಲಿಂದಲೇ ಹೋಗುತ್ತಿದ್ದವು. ನಾನು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಡಿಪ್ಲೊಮಾ ಮುಗಿಸಿ, ವಾಡಿಯಿಂದ ಶಹಾಬಾದಿಗೆ ಪ್ಯಾಸೆಂಜರ್ ರೈಲಿನಲ್ಲಿ ಓಡಾಡಿಕೊಂಡೇ ಮೂವತ್ತು ವರ್ಷ ಕಳೆದೆ. ಎಷ್ಟೋ ಪ್ಯಾನೆಲ್ ಮಾಡಿದ್ದೇನೆ, ಬಹಳಷ್ಟು ಮರೆತಿದ್ದೇನೆ. ಒಂದನ್ನು ಮಾತ್ರ ಮರೆಯಲು ಆಗಿಲ್ಲ. ಅದು ಈಗ ನನ್ನ ಮನೆಯ ಪಡಸಾಲೆಯಲ್ಲೇ ಇದೆ.

ಚಿತ್ತಾಪುರ ರಸ್ತೆಯಲ್ಲಿ ಮಲ್ಲಿನಾಥ ಸಾವ್ಕಾರರ ಪಾಲಿಶ್ ಯೂನಿಟ್ ಇತ್ತು. ಫರಸಿ, ಅಂದರೆ ನಮ್ಮ ಕಡೆ ಎಲ್ಲರ ಮನೆಯ ನೆಲಕ್ಕೂ ಹಾಸಿರುವ ಆ ಬೂದು ಚಪ್ಪಡಿ ಕಲ್ಲು, ಅಲ್ಲಿ ಉದ್ದನೆಯ ಬೆಲ್ಟಿನ ಮೇಲೆ ಮಲಗಿಕೊಂಡು ಹೊರಡುತ್ತದೆ. ಮೇಲಿನಿಂದ ಆರು ಹೆಡ್‌ಗಳು, ತಳಕ್ಕೆ ಸಾಣೆ ಬಿಲ್ಲೆ ಕಟ್ಟಿಕೊಂಡು, ಗರಗರ ತಿರುಗುತ್ತ ಅದನ್ನು ಉಜ್ಜುತ್ತವೆ. ಉಜ್ಜುವಷ್ಟು ಹೊತ್ತೂ ನೀರು ಸುರಿಯುತ್ತಿರಬೇಕು. ಬೆಲ್ಟು ಜೋರಾಗಿ ಓಡಿದರೆ ಕಲ್ಲಿಗೆ ಹೊಳಪು ಬರುವುದಿಲ್ಲ. ನಿಧಾನವಾಗಿ ಓಡಿದರೆ ಸಾವ್ಕಾರರ ಮುಖದ ಹೊಳಪು ಹೋಗುತ್ತದೆ. ಈ ಎರಡರ ನಡುವೆ ಸರಿಯಾದ ವೇಗ ಹಿಡಿಯುವುದೇ ಆಪರೇಟರನ ಕಸುಬು.

ಆ ಆಪರೇಟರ್ ಸಿದ್ರಾಮ ಕಾಕಾ. ದಿನಾ ನಾಲವಾರದಿಂದ ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ಸಿಕ್ಕ ಟಂಟಂ ಆಟೋ ಹತ್ತಿ ಯೂನಿಟ್ಟಿಗೆ ಬರುವವರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ರೊಟ್ಟಿಯ ಗಂಟು. ಸಾವ್ಕಾರರ ತಂದೆಯ ಕಾಲದಿಂದ, ಅಂದರೆ ಮೂವತ್ತೆರಡು ವರ್ಷದಿಂದ, ಅದೇ ಯೂನಿಟ್ಟಿನಲ್ಲಿ ನಿಂತವರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಕಾಕಾನ ಪ್ರಕಾರ ಓದಿದ ಹೆಂಗಸರೆಲ್ಲ ಅಕ್ಕೋರೇ, ಹಾಗಾಗಿ ನಾನೂ ಅಕ್ಕೋರು. ನಾನು ಹೋದ ಕೂಡಲೇ "ಬರ್ರಿ ಅಕ್ಕೋರ, ಕುಂದ್ರಿ" ಎಂದು ಒಂದು ಹೊಳಪಿನ ಕಲ್ಲನ್ನು ಟವೆಲ್ಲಿನಿಂದ ಒರೆಸಿ ಕೊಡುತ್ತಿದ್ದರು. ಆಮೇಲೆ ಬೆಲ್ಲದ ಚಾ ಬರುತ್ತಿತ್ತು. ಆ ಚಾದಲ್ಲಿ ಕಲ್ಲಿನ ಪುಡಿ ಸ್ವಲ್ಪ ಇದ್ದೇ ಇರುತ್ತಿತ್ತು ಎನ್ನಿ. ಆದರೂ ಈಗ ಮನೆಯಲ್ಲಿ ಏಲಕ್ಕಿ ಹಾಕಿ ಮಾಡಿಕೊಂಡು ಕುಡಿಯುವಾಗ ನನಗೆ ಬೇಕೆನ್ನಿಸುವುದು ಅದೇ ಚಾ.

ಅವರ ಕೈ ನೋಡಬೇಕಿತ್ತು. ನೀರಿನಲ್ಲಿ ನೆಂದು, ಬಿಸಿಲಿಗೆ ಒಣಗಿ, ಕಲ್ಲಿಗೆ ತಿಕ್ಕಿ ತಿಕ್ಕಿ ಬೆರಳ ತುದಿಗಳು ಎಮ್ಮೆ ಗೊರಸಿನಷ್ಟು ಗಟ್ಟಿಯಾಗಿದ್ದವು. ಗೆರೆ ಅನ್ನುವುದೇ ಉಳಿದಿರಲಿಲ್ಲ. ಒಮ್ಮೆ ಚಾ ಕುಡಿಯುತ್ತ ಹೇಳಿದ್ದರು: "ರೇಷನ್ ಅಂಗಡ್ಯಾಗಿನ ಮಷೀನ್ ನನ್ನ ಹೆಬ್ಬೆಟ್ಟು ತಗೊಳ್ಳಂಗಿಲ್ರಿ ಅಕ್ಕೋರ. ನನ್ನ ಹೆಣ್ತಿ ಹೆಬ್ಬೆಟ್ಟಿನ ಮ್ಯಾಲ ನನಗ ಅಕ್ಕಿ ಸಿಗ್ತಾವ." ಹೇಳಿ ತಾವೇ ನಕ್ಕರು, ನಾನೂ ನಕ್ಕೆ. ಇಂಜಿನಿಯರ್ ಆದವಳಿಗೆ ಅಲ್ಲೇ ಕಿವಿ ನೆಟ್ಟಗಾಗಬೇಕಿತ್ತು. ಆಗಲಿಲ್ಲ.

ಹಳೆಯ ಪ್ಯಾನೆಲ್ಲಿನಲ್ಲಿ ಹನ್ನೊಂದು ಗುಂಡಿ, ತಿರುಗಿಸುವ ಎರಡು ನಾಬು. ನೀರು ಹೊಕ್ಕು ಹೊಕ್ಕು ತುಕ್ಕು ಹಿಡಿದಿತ್ತು. ಸಾವ್ಕಾರರು ಹೊಸದಕ್ಕೆ ಆರ್ಡರ್ ಕೊಟ್ಟಾಗ ಹೇಳಿದ್ದು ಒಂದೇ ಮಾತು: "ಮೇಡಂ, ಮೊಬೈಲ್ ಇದ್ದಂಗ ಇರಬೇಕು ನೋಡ್ರಿ. ಹೈದ್ರಾಬಾದ್ ಪಾರ್ಟಿ ಬಂದ್ರ ನೋಡಿ ಖುಷ್ ಆಗಬೇಕು." ಅಂದರೆ ಟಚ್‌ಸ್ಕ್ರೀನ್. ನನಗೂ ಮನಸ್ಸಿನಲ್ಲಿ ಅದೇ ಇತ್ತು. ಎಷ್ಟು ವರ್ಷ ಗುಂಡಿ, ಬಲ್ಬು ಕೂರಿಸುತ್ತಲೇ ಇರುವುದು? ನಿವೃತ್ತಿಯೊಳಗೆ ಒಂದಾದರೂ ಚೆಂದದ್ದು ಮಾಡಬೇಕು ಅನ್ನುವ ಆಸೆ ನನ್ನನ್ನು ಹಿಡಿದಿತ್ತು.

ಇಲ್ಲಿ ಸ್ವಲ್ಪ ತಾಂತ್ರಿಕ ಮಾತು ಹೇಳಬೇಕು. ಇಂಥ ಯಂತ್ರಗಳಿಗೆ ಡಿಸ್ಪ್ಲೇ ಮಾಡ್ಯೂಲ್ ಎಂದು ಸಿದ್ಧವಾಗಿ ಸಿಗುತ್ತದೆ. ಚಿತ್ರ ತೋರಿಸುವ ಪರದೆ, ಅದರ ಮೇಲೆ ಸ್ಪರ್ಶ ತಿಳಿಯುವ ಪದರ, ಹಿಂದೆ ಸರ್ಕ್ಯೂಟ್, ಎಲ್ಲ ಒಂದೇ ತುಂಡು. ಸ್ಪರ್ಶ ತಿಳಿಯುವ ಬಗೆ ಮುಖ್ಯವಾಗಿ ಎರಡು. ಒಂದು ಕೆಪಾಸಿಟಿವ್: ಗಾಜಿನ ಹಿಂದೆ ಸಣ್ಣದೊಂದು ವಿದ್ಯುತ್ ಕ್ಷೇತ್ರ ಇರುತ್ತದೆ, ನಮ್ಮ ಮೈಯ ಹಸಿ ಬೆರಳು ಹತ್ತಿರ ಬಂದರೆ ಅದು ಬದಲಾಗುತ್ತದೆ. ಒತ್ತುವುದೇ ಬೇಡ, ಮುಟ್ಟಿದರೆ ಸಾಕು. ಮೊಬೈಲಿನಲ್ಲಿ ಇರುವುದು ಇದೇ. ಇನ್ನೊಂದು ರೆಸಿಸ್ಟಿವ್: ಮೇಲೊಂದು ತೆಳು ಪ್ಲಾಸ್ಟಿಕ್ ಪದರ, ಕೆಳಗೊಂದು ಪದರ, ನಡುವೆ ಕೂದಲೆಳೆಯ ಸಂದು. ಒತ್ತಿದಾಗ ಎರಡೂ ಕೂಡಬೇಕು. ಇದು ನೋಡಲು ಮಂಕು, ಹಳೆಯ ಕಾಲದ್ದು. ನಾನು ಏಳಿಂಚಿನ ಕೆಪಾಸಿಟಿವ್ ಆರಿಸಿದೆ. ಡೇಟಾಶೀಟನ್ನು, ಅಂದರೆ ಅದರ ಗುಣವಿವರಗಳ ಕಾಗದವನ್ನು, ಮೂರು ಸಲ ಓದಿದೆ. ಎಷ್ಟು ಬೆಳಕು, ಎಷ್ಟು ಬಿಸಿ ತಡೆಯುತ್ತದೆ, ಧೂಳು ಹೊಗುತ್ತದೋ ಇಲ್ಲವೋ, ಎಲ್ಲ ನೋಡಿದೆ. ಪೆಟ್ಟಿಗೆಯ ಮುಖದ ಅಂಚಿನಿಂದ ಅಂಚಿನವರೆಗೂ ಗಾಜು ಬರುವಂತೆ ಕೂರಿಸಿದೆ. ಒಂದು ಬೆರಳಗಲ ತಗಡೂ ಹೊರಗೆ ಕಾಣಬಾರದು, ಅದು ನನ್ನ ಸೊಗಸು.

ಇನ್ನು ನನ್ನ ಜಾಣತನ ಕೇಳಿ. ನೀರು ಸಿಡಿಯುವ ಜಾಗ, ಹನಿ ಬಿದ್ದು ಯಂತ್ರ ತಾನಾಗಿ ಚಾಲೂ ಆದರೆ ಗತಿಯೇನು? ಅದಕ್ಕೆ ಚಾಲೂ ಮಾಡಲು ಗುಂಡಿಯ ಚಿತ್ರ ಇಡದೆ, ಮೊಬೈಲಿನಲ್ಲಿ ಕರೆ ಎತ್ತುವ ಹಾಗೆ ಎಡದಿಂದ ಬಲಕ್ಕೆ ಬೆರಳು ಎಳೆಯುವ ಪಟ್ಟಿ ಇಟ್ಟೆ. ನೀರಿನ ಹನಿ ಮೇಲಿಂದ ಕೆಳಗೆ ಇಳಿಯುತ್ತದೆಯೇ ಹೊರತು ಅಡ್ಡ ಓಡುವುದಿಲ್ಲವಲ್ಲ! ಎಷ್ಟು ಹೆಮ್ಮೆಯಾಗಿತ್ತು ಎಂದರೆ, ಮನೆಗೆ ಬಂದು ಯಜಮಾನರಿಗೂ ವಿವರಿಸಿದೆ. ಅವರು "ಆತು, ಊಟಕ್ಕ ಹಾಕು" ಅಂದರು.

ಪ್ಯಾನೆಲ್ ಕೂರಿಸಿದ ದಿನ ಎಲ್ಲರೂ ಸುತ್ತ ನಿಂತಿದ್ದರು. ಸಾವ್ಕಾರರು ಎಳೆದರು, ಬೆಲ್ಟು ಹೊರಟಿತು. ನಾನು ಎಳೆದೆ, ಹೊರಟಿತು. "ಈಗ ಕಾಕಾ ಮಾಡ್ಲಿ" ಅಂದೆ. ಕಾಕಾ ಟವೆಲ್ಲಿಗೆ ಕೈ ಚೆನ್ನಾಗಿ ಒರೆಸಿಕೊಂಡು ಬಂದು ಬೆರಳಿಟ್ಟು ಎಳೆದರು. ಏನೂ ಆಗಲಿಲ್ಲ. ಮತ್ತೆ ಎಳೆದರು. ನಾಲ್ಕನೆಯ ಸಲ ಪಟ್ಟಿ ಅರ್ಧಕ್ಕೆ ಬಂದು ತಿರುಗಿ ಮೊದಲಿನ ಜಾಗಕ್ಕೆ ಹೋಗಿ ಕೂತಿತು. ಗಟ್ಟಿ ಒಣ ಚರ್ಮ ಅಷ್ಟು ದಪ್ಪಗಿದ್ದರೆ ಒಳಗಿನ ಹಸಿ ಬೆರಳು ಗಾಜಿಗೆ ಗೊತ್ತಾಗುವುದೇ ಇಲ್ಲ. ಕಾಕಾ ಬೆರಳನ್ನು ತಿರುಗಿಸಿ ನೋಡಿಕೊಂಡರು. "ಇದು ನನ್ನ ಗುರುತ ಹಿಡಿಯವಲ್ದರಿ ಅಕ್ಕೋರ" ಅಂದರು. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಹೇಗಾದರೂ ಅವರ ಬೆರಳು ಹಿಡಿಯಲಿ ಎಂದು ಸ್ಪರ್ಶದ ಸೂಕ್ಷ್ಮತೆಯನ್ನು ಏರಿಸಿದೆ. ಏರಿಸಿದಷ್ಟೂ ಗಾಜು ಚುರುಕಾಗುತ್ತದೆ. ಪೂರ್ತಿ ಏರಿಸಿದ ಮೇಲೂ ಮೂರರಲ್ಲಿ ಒಂದು ಸಲ ಹಿಡಿಯಿತು, ಅಷ್ಟೇ. ಸಾವ್ಕಾರರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಲೋಡಿಂಗ್ ಲೆಕ್ಕ ನೋಡಿಕೊಳ್ಳುತ್ತಿದ್ದ ವಾಡಿಯ ರಫೀಕನನ್ನು ಕರೆದು ಪ್ಯಾನೆಲ್ಲಿನ ಮುಂದೆ ನಿಲ್ಲಿಸಿದರು. ಮೂವತ್ತು ದಾಟಿದ ಮನುಷ್ಯ, ಬೆರಳು ಮೆತ್ತಗಿತ್ತು, ಒಂದೇ ಸಲಕ್ಕೆ ಹಿಡಿಯಿತು. "ಕಾಕಾ, ನೀವು ಗೇಟ್ ಕಡಿ ಕುಂದ್ರಿ. ಪಗಾರ ಅಷ್ಟೇ ಕೊಡ್ತೀನಿ" ಅಂದರು ಸಾವ್ಕಾರರು.

"ಪಗಾರದ ಮಾತಲ್ರಿ ಸಾವ್ಕಾರ್ರ. ಮಷೀನ್ ಬಿಟ್ಟು ನಾ ಎಲ್ಲಿ ಕುಂದ್ರಲಿ?" ಅಂದರು ಕಾಕಾ. ನಾನು ಸ್ಕ್ರೂ ಡ್ರೈವರ್‌ಗಳನ್ನು ಚೀಲಕ್ಕೆ ಹಾಕಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. ಏರಿಸಿದ ಸೂಕ್ಷ್ಮತೆಯನ್ನು ಇಳಿಸುವುದನ್ನೂ ಮರೆತೆ.

ಎರಡು ವಾರ ಬಿಟ್ಟು ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದಾಗ ನೋಡಿದೆ. ಕಾಕಾ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಆದರೆ ಬೆನ್ನು ರಸ್ತೆಗೆ, ಮುಖ ಯಂತ್ರಕ್ಕೆ. ಒಳಗೆ ಬೆಲ್ಟಿನ ಸದ್ದು ಬದಲಾದಾಗಲೆಲ್ಲ ಅವರ ಬಲಗೈ ಹೆಬ್ಬೆರಳು ತೊಡೆಯ ಮೇಲೆ ಏನನ್ನೋ ಒತ್ತುತ್ತಿತ್ತು. "ಜೋರ್ ಓಡಸಾಕತ್ಯಾನರಿ ರಫೀಕ. ಕಲ್ಲು ಬೇಡಿದಷ್ಟು ಹೊತ್ತು ಕೊಡಬೇಕಲ್ರಿ ಅದಕ್ಕ" ಅಂದರು. ನಾನು ಏನು ಮಾಡಿದೆ? ಚಾ ಕುಡಿದು ಹೊರಟೆ.

ಅದಾಗಿ ಒಂದು ವಾರವೂ ಆಗಿರಲಿಲ್ಲ. ಮುಂಜಾನೆ ನಾನು ಶಹಾಬಾದ್ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಂತೆ ಸಾವ್ಕಾರರ ಫೋನು: "ಮೇಡಂ, ಲಗೂನ ಬರ್ರಿ. ಕಾಕಾ ಮಷೀನ್ ಚಾಲೂ ಮಾಡಿ ರಫೀಕನ ಕೈ ತಗೀತಿದ್ದ!"

ಓಡಿದೆ. ರಫೀಕ ಮೊಣಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಅಂಗಿಯ ತೋಳು ಹರಿದು ನೇತಾಡುತ್ತಿತ್ತು, ದೇವರ ದಯೆ, ಎಲುಬಿಗೆ ಏನೂ ಆಗಿರಲಿಲ್ಲ. ಸಾಣೆ ಬಿಲ್ಲೆ ಸವೆದಿದ್ದವೆಂದು ಅವನು ಅವತ್ತು ಬೇಗ ಬಂದು, ಕರೆಂಟು ಹಾಕಿ ಹೆಡ್‌ಗಳನ್ನು ಮೇಲೆತ್ತಿ, ಕೆಳಗೆ ಕೈ ತೂರಿಸಿ ಬಿಲ್ಲೆ ಬದಲಿಸುತ್ತಿದ್ದ. ಒಮ್ಮೆಗೇ ಹೆಡ್‌ಗಳು ತಿರುಗಿವೆ. ಪ್ಯಾನೆಲ್ಲಿನ ಮುಂದೆ ನಿಂತಿದ್ದವರು ಕಾಕಾ. ಪಕ್ಕದ ಕೆಂಪು ನಿಲ್ಲುಗುಂಡಿಯನ್ನು ಹೊಡೆದು ಯಂತ್ರ ನಿಲ್ಲಿಸಿದವರೂ ಅವರೇ.

"ಹೊಟ್ಟಿಕಿಚ್ಚು ಮೇಡಂ. ತನ್ನ ಜಾಗಾದಾಗ ಇವ ಬಂದ ಅಂತ" ಅಂದರು ಸಾವ್ಕಾರರು, ಎಲ್ಲರಿಗೂ ಕೇಳುವ ಹಾಗೆ.

"ಸಿದ್ರಾಮ ಚಾಚಾ ಅಂಥವ್ರಲ್ರಿ. ನನ್ನ ಜಾನ್ ಉಳಿಸ್ಯಾರ" ಅಂದ ರಫೀಕ.

"ತಾನೇ ಚಾಲೂ ಮಾಡಿ ತಾನೇ ಬಂದ್ ಮಾಡ್ಯಾನ. ಕಾಕಾ, ನಾಳಿಂದ ಬರಬ್ಯಾಡ್ರಿ."

ಕಾಕಾ ಗೋಡೆಗೆ ಒರಗಿ ನಿಂತಿದ್ದರು. "ನಾ ಒತ್ತಿಲ್ರಿ. ಒತ್ತಿದ್ರೂ ಅದು ನನ್ನ ಮಾತು ಕೇಳಂಗಿಲ್ಲ, ನಿಮಗ ಗೊತ್ತದಲ್ರಿ" ಎಂದು ನನ್ನ ಕಡೆ ನೋಡಿದರು. ಮೂವತ್ತೆರಡು ವರ್ಷ ದುಡಿದ ಮನುಷ್ಯ ಇನ್ನೊಬ್ಬನ ಕೈ ಕಡಿಯಲು ಹೋದ ಅನ್ನುವ ಮಾತು ಸಂಜೆಯ ರೈಲಿಗಿಂತ ಮುಂಚೆ ನಾಲವಾರ ಮುಟ್ಟುತ್ತಿತ್ತು. ಗೇಟಿನ ಕುರ್ಚಿಯೂ ಹೋಗಲಿ, ಈ ಹೆಸರು ಹೊತ್ತು ಅವರು ಊರಲ್ಲಿ ಹೇಗೆ ತಿರುಗಾಡಬೇಕು?

ಪ್ಯಾನೆಲ್ಲಿನ ಒಳಗೆ ಪ್ರತಿ ಸ್ಪರ್ಶವೂ ದಾಖಲಾಗುತ್ತದೆ. ಲ್ಯಾಪ್‌ಟಾಪ್ ಜೋಡಿಸಿ ನೋಡಿದೆ. ಒಂದೇ ಹೊತ್ತಿಗೆ ಮೂರು ಬೆರಳು, ಎಡದಿಂದ ಬಲಕ್ಕೆ, ಪೂರ್ತಿ ಎಳೆತ. ಸಿಡಿದ ನೀರಲ್ಲ. ಮನುಷ್ಯನ ಕೈಯೇ. ಹಾಗಾದರೆ ಕಾಕಾ ಸುಳ್ಳು ಹೇಳುತ್ತಿದ್ದಾರೆಯೇ? ಆದರೆ ಯಾರಾದರೂ ಮೂರು ಬೆರಳಲ್ಲಿ ಯಂತ್ರ ಚಾಲೂ ಮಾಡುತ್ತಾರೆಯೇ?

ಮೋಟಾರುಗಳ ವೈರು ಬಿಚ್ಚಿಸಿ, ಸ್ಕ್ರೀನಿಗೆ ಮಾತ್ರ ಕರೆಂಟು ಕೊಟ್ಟು ಕೇಳಿದೆ. "ಕಾಕಾ, ಮುಂಜಾನೆ ಬಂದು ಏನೇನ್ ಮಾಡಿದ್ರಿ, ಹಂಗೇ ಮತ್ತೊಮ್ಮೆ ಮಾಡ್ರಿ. ಒಂದೂ ಬಿಡಬ್ಯಾಡ್ರಿ."

ಅವರು ಗೇಟಿಗೆ ಹೋಗಿ ಅಲ್ಲಿಂದ ನಡೆದು ಬಂದರು. ನಲ್ಲಿಯ ಹತ್ತಿರ ಚಪ್ಪಲಿ ಬಿಟ್ಟು ಕಾಲು ತೊಳೆದರು. ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಅಂಗೈಯಲ್ಲಿ ನೀರು ಹಾಕಿ ತೇದರು. ಹಣೆಗೆ ಹಚ್ಚಿಕೊಂಡರು. ಆಮೇಲೆ ಯಂತ್ರದ ಮುಂದೆ ನಿಂತು, ಕಣ್ಣು ಮುಚ್ಚಿ, ಒದ್ದೆ ವಿಭೂತಿಯ ಮೂರು ಬೆರಳನ್ನು ಗಾಜಿನ ಮೇಲೆ ಎಡದಿಂದ ಬಲಕ್ಕೆ ಎಳೆದರು. ಪರದೆ ಹಸಿರಾಯಿತು. ನಾನೇ ಬರೆದ ದಪ್ಪ ಅಕ್ಷರ ಮೂಡಿತು: ಯಂತ್ರ ಚಾಲೂ ಆಗಿದೆ.

ಕಾಕಾ ಕಣ್ಣು ತೆರೆದು, ಏನಾಯಿತೆಂದು ತಿಳಿಯದೆ, ನಮ್ಮ ಮುಖಗಳನ್ನು ನೋಡಿದರು.

ಹಳೆಯ ಪ್ಯಾನೆಲ್ಲಿನಲ್ಲಿ ಗುಂಡಿಗಳ ಸಾಲಿನ ಮೇಲ್ಗಡೆ ಖಾಲಿ ತಗಡಿನ ಪಟ್ಟಿ ಇತ್ತು. ಮೂವತ್ತೆರಡು ವರ್ಷ ದಿನಾ ಮುಂಜಾನೆ ಅವರು ವಿಭೂತಿ ಹಚ್ಚಿದ್ದು ಅಲ್ಲಿ. ನಾನು ಎಷ್ಟೋ ಸಲ ನೋಡಿದ್ದೆ, ಕೈಮುಗಿದೂ ಇದ್ದೆ. ಹೊಸದರಲ್ಲಿ ಅಂಚಿನಿಂದ ಅಂಚಿಗೆ ಗಾಜು, ಅವರಿಗೆ ಜಾಗವೇ ಇಟ್ಟಿರಲಿಲ್ಲ. ಯಂತ್ರದಿಂದ ತೆಗೆದ ಮೇಲೂ ಈ ಒಂದು ಹಕ್ಕನ್ನು ಅವರು ಬಿಟ್ಟಿರಲಿಲ್ಲ. ಅಷ್ಟು ದಿನ ಕರೆಂಟು ಹಾಕುವ ಮುಂಚೆ ಹಚ್ಚುತ್ತಿದ್ದರು, ಆಮೇಲೆ ರಫೀಕ ಒರೆಸುತ್ತಿದ್ದ. ಅವತ್ತು ಕರೆಂಟು ಮೊದಲೇ ಇತ್ತು. ಒಣ ಬೆರಳನ್ನು ಹಿಡಿಯದ ಗಾಜು ಒದ್ದೆ ಬೆರಳನ್ನು ಹಿಡಿಯಿತು, ನಾನು ಸೂಕ್ಷ್ಮತೆ ಏರಿಸಿಟ್ಟಿದ್ದಕ್ಕೆ ಇನ್ನೂ ಚೆನ್ನಾಗಿ ಹಿಡಿಯಿತು. ಒತ್ತಿಲ್ಲ ಅಂದರಲ್ಲ, ಅದು ನಿಜ. ವಿಭೂತಿ ಹಚ್ಚುವುದನ್ನು ಯಾರು ಒತ್ತುವುದು ಅನ್ನುತ್ತಾರೆ?

"ಸಾವ್ಕಾರ್ರ, ಇದು ಕಾಕಾನ ತಪ್ಪಲ್ಲ, ನಂದು. ಬೇಕಾದ್ರ ಬರದು ಸಹಿ ಮಾಡಿ ಕೊಡ್ತೀನಿ" ಅಂದೆ. ನಮ್ಮ ಮಾಲೀಕರು ಏನನ್ನುತ್ತಾರೋ ಎಂಬ ಭಯ ಇದ್ದೇ ಇತ್ತು. ಸಾವ್ಕಾರರು ಬಹಳ ಹೊತ್ತು ಗಾಜಿನ ಮೇಲಿನ ಮೂರು ಗೆರೆ ನೋಡುತ್ತ ನಿಂತರು. ಅವರ ಹಣೆಯ ಮೇಲೂ ಅದೇ ಮೂರು ಗೆರೆ ಇತ್ತು. ಕೊನೆಗೆ "ಕಾಕಾ, ತಪ್ಪಾತು" ಎಂದು ಕೈ ಮುಗಿದರು. ಇದನ್ನು ನಾನು ಅವರಿಂದ ನಿರೀಕ್ಷಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಎರಡನೆಯ ಸಲ ಆರಿಸುವಾಗ ನಾನು ಡೇಟಾಶೀಟ್ ಮೊದಲು ತೆರೆಯಲಿಲ್ಲ. ನಾಲ್ಕು ಸ್ಯಾಂಪಲ್ ಮಾಡ್ಯೂಲ್ ತರಿಸಿ ಯೂನಿಟ್ಟಿಗೇ ಒಯ್ದು, ಕಾಕಾ ಕೊಟ್ಟ ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ಒಣ ಕೈ, ಒದ್ದೆ ಕೈ, ಕಲ್ಲಿನ ರಾಡಿ ಮೆತ್ತಿದ ಕೈ, ಉಗುರು, ಎಲ್ಲದರಿಂದಲೂ ಒತ್ತಿಸಿದೆ. ಒತ್ತಿದಾಗ ಮಾತ್ರ ಕೇಳಿದ್ದು, ಒತ್ತಿದಾಗಲೆಲ್ಲ ಕೇಳಿದ್ದು ರೆಸಿಸ್ಟಿವ್. ಮೇಲೆ ಗಟ್ಟಿ ಪದರ ಇರುವುದನ್ನು ಆರಿಸಿದೆ. ಸಾವ್ಕಾರರು ಮೂಗು ಮುರಿದರು: "ಹಳೇ ಎಟಿಎಂ ಇದ್ದಂಗ ಕಾಣ್ತದಲ್ರಿ ಮೇಡಂ." ನಾನು "ಹೌದ್ರಿ, ಹಂಗೇ ಕಾಣ್ತದ" ಅಂದೆ. ಚಾಲೂ ಮಾಡಲು ಸ್ಕ್ರೀನ್ ಬೇಡವೇ ಬೇಡ, ಒತ್ತಿ ಹಿಡಿಯುವ ಹಸಿರು ಕಬ್ಬಿಣದ ಗುಂಡಿ ಇಟ್ಟೆ. ಹೆಡ್ ಮೇಲೆತ್ತಿದ್ದಾಗ ಅದೂ ಕೆಲಸ ಮಾಡದಂತೆ ತಡೆ ಹಾಕಿದೆ.

ಕಾಕಾಗೆ ಇನ್ನೊಂದು ತಕರಾರಿತ್ತು. "ಹಳೆ ಗುಂಡಿ ಟಕ್ ಅಂತಿತ್ರಿ. ಇದು ಮೂಕ. ಒತ್ತಿದ್ದು ನನಗ ತಿಳೀಬೇಕಲ್ಲ?" ಅದಕ್ಕೆ ಒಂದು ಬಝರ್ ಹಾಕಿದೆ. ಬೆಲ್ಟು ಜೋರು ಮಾಡಿದರೆ ತೀಕ್ಷ್ಣ ದನಿ, ನಿಧಾನ ಮಾಡಿದರೆ ದಪ್ಪ ದನಿ. ಕೊನೆಯದಾಗಿ, ಸ್ಕ್ರೀನಿನ ಮೇಲ್ಗಡೆ, ಅದಕ್ಕೆ ತಾಗದಂತೆ, ನಾಲ್ಕು ಬೆರಳಗಲದ ಸ್ಟೀಲ್ ತಗಡು. ಡ್ರಾಯಿಂಗಿನಲ್ಲಿ ಅದಕ್ಕೆ "ವಿಭೂತಿ ತಗಡು" ಎಂದೇ ಬರೆದೆ. ಡ್ರಾಯಿಂಗ್ ನೋಡಿದ ನಮ್ಮ ಮಾಲೀಕರು ನನ್ನ ಮುಖ ನೋಡಿದರು, ಸಹಿ ಹಾಕಿದರು. ಆಮೇಲೆ ಸೇಡಂ ಮಿಲ್ಲುಗಳಿಗೆ ಹೋದ ಪ್ಯಾನೆಲ್ಲುಗಳಲ್ಲೂ ಆ ತಗಡು ಇತ್ತು. ಕೆಲವರು ಕುಂಕುಮ ಹಚ್ಚಿದರು, ಒಬ್ಬ ಆಪರೇಟರ್ ಅಲ್ಲಿ ಬಾಬಾಸಾಹೇಬರ ಚಿತ್ರ ಅಂಟಿಸಿದ. ಜಾಗ ಇದ್ದರೆ ಜನ ತಮ್ಮದನ್ನು ಇಟ್ಟುಕೊಳ್ಳುತ್ತಾರೆ.

ಹೊಸದನ್ನು ಕೂರಿಸಿದ ಮುಂಜಾನೆ ಕಾಕಾ ಕಾಲು ತೊಳೆದು ಬಂದು, ತಗಡಿಗೆ ವಿಭೂತಿ ಎಳೆದು, ಹಸಿರು ಗುಂಡಿ ಒತ್ತಿ ಹಿಡಿದರು. ಬೆಲ್ಟು ಹೊರಟಿತು. ಬೆರಳು ಸ್ಕ್ರೀನಿಗೆ ಹೋಯಿತು. ದಪ್ಪ ದನಿ. ಇನ್ನೊಮ್ಮೆ ದಪ್ಪ ದನಿ. ಬೆಲ್ಟು ನಿಧಾನವಾಯಿತು. "ಗುರುತ ಹಿಡೀತರಿ ಅಕ್ಕೋರ!" ಎಂದು ಕೂಗಿದರು. ನನಗೆ ಕಣ್ಣು ತುಂಬಿ ಬಂತು, ಕಲ್ಲಿನ ಪುಡಿ ಎಂದೆ.

ಅಲ್ಲಿಂದ ಮುಂದೆ ನಾಲ್ಕು ವರ್ಷ ಅವರು ಆ ಯಂತ್ರದ ಮುಂದೆ ನಿಂತರು. ರಫೀಕ ಅವರ ಪಕ್ಕದಲ್ಲೇ ನಿಂತು ಕಲಿತ. ಆಮೇಲೆ ಕಾಕಾನ ಮೊಣಕಾಲು ಸೋತಿತು, ಗಂಡಹೆಂಡತಿ ಚಿಂಚೋಳಿ ಕಡೆ ಮಗಳ ಮನೆಗೆ ಹೋದರು. ಎಲ್ಲರ ಮನೆಗೂ ಟೈಲ್ಸ್ ಬಂದು ಫರಸಿ ಕೇಳುವವರು ಕಡಿಮೆಯಾದರು, ಸಾವ್ಕಾರರು ಯೂನಿಟ್ ಮುಚ್ಚಿದರು. ರಫೀಕ ಈಗ ಅವರದೇ ಲಾರಿ ಓಡಿಸುತ್ತಾನೆ. ಯಂತ್ರ ಗುಜರಿಗೆ ಹೊರಟ ದಿನ ಪ್ಯಾನೆಲ್ಲನ್ನು ಮಾತ್ರ ಬಿಚ್ಚಿ ತಂದು ನನ್ನ ಮನೆಯಲ್ಲಿ ಇಳಿಸಿದವನು ಅವನೇ. ಅಷ್ಟರಲ್ಲಿ ನಾನೂ ನಿವೃತ್ತಳಾಗಿದ್ದೆ.

ಟೇಬಲ್ ಮೇಲಿಟ್ಟು ಒರೆಸಿದಾಗ ನೋಡಿದೆ. ತಗಡಿನ ಮೇಲೆ ಮೂರು ಬಿಳಿ ಗೆರೆ, ಎಷ್ಟು ತಿಕ್ಕಿದರೂ ಹೋಗದಂತೆ ಕಚ್ಚಿಕೊಂಡಿವೆ. ಸ್ಕ್ರೀನಿನಲ್ಲಿ "ಜೋರು" ಅನ್ನುವ ಜಾಗ ಹೊಸದರ ಹಾಗೇ ಇದೆ. "ನಿಧಾನ" ಅನ್ನುವ ಜಾಗದಲ್ಲಿ ಪದರ ಸವೆದು ಮಂಜಾಗಿ ಒಂದು ಸಣ್ಣ ಗುಳಿ ಬಿದ್ದಿದೆ. ನನ್ನ ಬೆರಳಿಗೆ ಅದು ದೊಡ್ಡದು.

ಈಗಲೂ ಹಳೆಯ ಕಂಪನಿಯಿಂದ ಹೊಸ ಇಂಜಿನಿಯರುಗಳು ಫೋನ್ ಮಾಡಿ ಯಾವ ಡಿಸ್ಪ್ಲೇ ಹಾಕೋಣ ಎಂದು ಕೇಳುತ್ತಾರೆ. ನಾನು ಇಂಚು ಕೇಳುವುದಿಲ್ಲ, ಬೆಳಕು ಕೇಳುವುದಿಲ್ಲ. ಮುಟ್ಟುವವರ ಕೈ ನೋಡಿ ಬಂದಿರಾ, ಮುಂಜಾನೆ ಅವರು ಮೊದಲು ಏನು ಮಾಡುತ್ತಾರೆ ನೋಡಿದಿರಾ, ಎಂದು ಕೇಳುತ್ತೇನೆ. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಒಬ್ಬರಿಗೆ ನೋವು ಕೊಟ್ಟೇ ಕಲಿತೆ.

ಹೋದ ಸೋಮವಾರ ಚಿಂಚೋಳಿಯಿಂದ ಕಾಕಾನ ಫೋನು ಬಂದಿತ್ತು. ಮೊಣಕಾಲಿನ ಮಾತು, ಮೊಮ್ಮಗಳ ಮಾತು ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು: "ಅದು ನಿಮ್ಮ ಮನ್ಯಾಗೇ ಅದಲ್ರಿ? ಕರೆಂಟ್ ಹಾಕಿದ್ರ ಚಾಲೂ ಆಗ್ತದೇನ್ರಿ?"

ಫೋನನ್ನು ಪಕ್ಕದಲ್ಲಿಟ್ಟು ಪ್ಲಗ್ ಹಾಕಿದೆ. ಪರದೆ ಬೆಳಗಿತು. ಆ ಗುಳಿಯೊಳಗೆ ಬೆರಳಿಟ್ಟು ಒತ್ತಿದೆ. ದಪ್ಪ ದನಿ ಬಂತು.

"ನಿಧಾನ" ಅಂದರು ಕಾಕಾ. ಆಮೇಲೆ, "ಬೆಲ್ಟ್ ಇಲ್ಲಲ್ರಿ ಅದಕ್ಕ ಈಗ?"

"ಇಲ್ಲ ಕಾಕಾ."

"ಇರ್ಲಿ ಬಿಡ್ರಿ. ಇನ್ನೊಮ್ಮೆ ಒತ್ರಿ."

ಒತ್ತಿದೆ. ಅವರು ಸಾಕು ಅನ್ನುವವರೆಗೂ ಒತ್ತುತ್ತಲೇ ಇದ್ದೆ.